ಮಕ್ಕಳ ರಕ್ಷಣಾ ಕಾನೂನು: ‘ನಮ್ಮೊಳಗೇ ಮುಗಿಸೋಣ’ ಎನ್ನುವಂತಿಲ್ಲ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಭಾನುವಾರದ ಬಲಿಪೂಜೆಯ ಬಳಿಕ ಕ್ರೈಸ್ತ ಶಿಕ್ಷಣದ ತರಗತಿ ಮುಗಿದಿದೆ. ಮಕ್ಕಳೆಲ್ಲ ಹೊರಗೆ ಓಡಿದ್ದಾರೆ. ಹನ್ನೊಂದು ವರ್ಷದ ಹುಡುಗನೊಬ್ಬ ಮಾತ್ರ ಬೆಂಚು ಬಿಟ್ಟು ಏಳುವುದಿಲ್ಲ. ಟೀಚರ್ ಹತ್ತಿರ ಹೋಗಿ ವಿಚಾರಿಸಿದಾಗ, “ನಾನು ಇನ್ನು ಟ್ಯೂಷನ್ನಿಗೆ ಹೋಗುವುದಿಲ್ಲ, ಅಲ್ಲಿನ ಅಂಕಲ್ ನನ್ನನ್ನು ಮುಟ್ಟುತ್ತಾರೆ” ಎಂದಷ್ಟೇ ಹೇಳಿ ಅಳುತ್ತಾನೆ. ತಂದೆ ಗಲ್ಫ್‌ನಲ್ಲಿದ್ದಾರೆ, ಮನೆಯಲ್ಲಿ ತಾಯಿ ಮತ್ತು ಅಜ್ಜಿ ಮಾತ್ರ. ಟೀಚರ್ ಧರ್ಮಗುರುಗಳಿಗೆ ತಿಳಿಸುತ್ತಾರೆ. ಸಂಜೆಯೊಳಗೆ ವಾಳೆಯ ಗುರಿಕಾರರು, ಎರಡು ಮನೆಗಳ ಹಿರಿಯರು ಸೇರುತ್ತಾರೆ. “ಅವರೂ ನಮ್ಮ ಇಗರ್ಜಿಯವರೇ. ವಿಷಯ ಹೊರಗೆ ಹೋದರೆ ಮಗುವಿನ ಹೆಸರೂ ಹಾಳು, ಎರಡು ಮನೆಯ ಮರ್ಯಾದೆಯೂ ಹಾಳು. ಕರೆದು ಬುದ್ಧಿ ಹೇಳಿ ನಮ್ಮೊಳಗೇ ಮುಗಿಸೋಣ” ಎಂಬ ತೀರ್ಮಾನವಾಗುತ್ತದೆ.

ಈ ಕೋಣೆಯಲ್ಲಿ ಕುಳಿತವರಲ್ಲಿ ಯಾರೂ ದುಷ್ಟರಲ್ಲ. ಎಲ್ಲರೂ ಮಗುವಿನ ಒಳಿತನ್ನೇ ಬಯಸಿದವರು. ಆದರೂ ಆ ಸಂಜೆ ಅವರು ಮಾಡಿದ್ದು ನಮ್ಮ ದೇಶದ ಕಾನೂನಿನ ಪ್ರಕಾರ ಅಪರಾಧ. ಈ ಸತ್ಯ ನಮ್ಮ ಎಷ್ಟು ಧರ್ಮಕೇಂದ್ರಗಳಿಗೆ ತಿಳಿದಿದೆ?

ಹೊಣೆ ಮಗುವಿನದಲ್ಲ, ತಿಳಿದವರದು

ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ‘ಪೋಕ್ಸೊ’, 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ ಜಾರಿಗೆ ಬಂತು. 18 ವರ್ಷ ತುಂಬದ ಪ್ರತಿಯೊಬ್ಬರೂ ಈ ಕಾಯ್ದೆಯ ದೃಷ್ಟಿಯಲ್ಲಿ ಮಗುವೇ. ಹೆಣ್ಣು ಗಂಡು ಎಂಬ ಭೇದವಿಲ್ಲ. ಗಂಡು ಮಕ್ಕಳಿಗೆ ಇಂಥದ್ದೆಲ್ಲ ಆಗುವುದಿಲ್ಲ ಎಂಬುದು ನಮ್ಮಲ್ಲಿ ಬೇರೂರಿರುವ ನಂಬಿಕೆ. ಆದರೆ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 13 ರಾಜ್ಯಗಳಲ್ಲಿ ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶೇಕಡಾ 53ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿಕೊಂಡಿದ್ದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹುಡುಗರು. ಬಹುಪಾಲು ಮಕ್ಕಳು ಅದನ್ನು ಯಾರಿಗೂ ತಿಳಿಸಿರಲಿಲ್ಲ.

ಪೋಕ್ಸೊ ಕಾಯ್ದೆ ಈ ಮೌನಕ್ಕೇ ಕೈ ಹಾಕಿತು. ಅದರ 19ನೇ ಕಲಮಿನ ಪ್ರಕಾರ, ಮಗುವಿನ ಮೇಲೆ ಇಂಥ ಅಪರಾಧ ನಡೆದಿದೆ ಎಂದು ತಿಳಿದವರು ಅಥವಾ ನಡೆಯುವ ಸಂಭವವಿದೆ ಎಂದು ಶಂಕಿಸುವವರು ಯಾರೇ ಆಗಲಿ, ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲಾಪರಾಧ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಂತೆ ಆರು ತಿಂಗಳವರೆಗೆ ಸೆರೆವಾಸ ಅಥವಾ ದಂಡ ಅಥವಾ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು ದಂಡ. ತಿಳಿಸದೆ ಉಳಿದ ಮಗುವಿಗೆ ಮಾತ್ರ ಯಾವ ಶಿಕ್ಷೆಯೂ ಇಲ್ಲ. ಅಂದರೆ ಕಾನೂನು ಬಾಯಿ ಬಿಡುವ ಭಾರವನ್ನು ಮಗುವಿನ ಹೆಗಲಿನಿಂದ ಇಳಿಸಿ ದೊಡ್ಡವರ ಹೆಗಲಿಗೆ ಹೊರಿಸಿದೆ.

“ನಮ್ಮಲ್ಲಿ ಪುರಾವೆ ಇಲ್ಲವಲ್ಲ, ಸುಳ್ಳಾದರೆ?” ಎಂದು ಹಲವರು ಕೇಳುತ್ತಾರೆ. ಪುರಾವೆ ಹುಡುಕುವುದು ಪೊಲೀಸರ ಕೆಲಸ, ಧರ್ಮಗುರುಗಳದ್ದೂ ಅಲ್ಲ, ಮುಖ್ಯೋಪಾಧ್ಯಾಯಿನಿಯದ್ದೂ ಅಲ್ಲ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ಯಾವ ಹೊಣೆಯೂ ಬರುವುದಿಲ್ಲವೆಂದು ಕಾಯ್ದೆಯೇ ಅಭಯ ನೀಡಿದೆ. ಮಾನಹಾನಿಗಾಗಿ ಬೇಕೆಂದೇ ಸುಳ್ಳು ದೂರು ಕೊಡುವವರಿಗೆ ಶಿಕ್ಷೆಯೂ ಇದೆ. ಹೀಗಾಗಿ ಆರೋಪಕ್ಕೆ ಗುರಿಯಾದವರಿಗೂ ನ್ಯಾಯ ಸಿಗಬೇಕಾದ ಜಾಗ ನ್ಯಾಯಾಲಯವೇ ಹೊರತು ಗುರುಮನೆಯ ಜಗಲಿಯಲ್ಲ.

ಈ ನಿಯಮ ಬರೀ ಪುಸ್ತಕದಲ್ಲಿ ಉಳಿದಿಲ್ಲ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ವಸತಿ ಶಾಲೆಯೊಂದರ ಬಾಲಕಿಯರ ಮೇಲಿನ ದೌರ್ಜನ್ಯ ತಿಳಿದೂ ತಿಳಿಸಲಿಲ್ಲವೆಂದು ಅವರಿಗೆ ಚಿಕಿತ್ಸೆ ನೀಡುತ್ತಿದ್ದ ವೈದ್ಯರ ಮೇಲೆ ಮೊಕದ್ದಮೆ ಹೂಡಲಾಗಿತ್ತು. ಹೈಕೋರ್ಟ್ ಅದನ್ನು ರದ್ದುಪಡಿಸಿತ್ತು. 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ತಿಳಿದೂ ಸುಮ್ಮನಿರುವುದು ಗಂಭೀರ ಅಪರಾಧ, ಅದು ಅನೇಕ ವೇಳೆ ಅಪರಾಧಿಯನ್ನು ರಕ್ಷಿಸುವ ಪ್ರಯತ್ನವೇ ಆಗುತ್ತದೆ ಎಂದು ಹೇಳಿತು. ವೈದ್ಯರಿಗೆ ಅನ್ವಯಿಸಿದ್ದು ಹಾಸ್ಟೆಲ್ ವಾರ್ಡನ್‌ಗೆ, ಗಾಯನ ಮಂಡಳಿಯ ತರಬೇತುದಾರರಿಗೆ, ಪಾಲನಾ ಮಂಡಳಿಯ ಸದಸ್ಯರಿಗೆ ಅನ್ವಯಿಸದೆ ಇರುವುದಿಲ್ಲ.

ಠಾಣೆಯ ಹೆದರಿಕೆ

ತಂದೆತಾಯಂದಿರು ಹಿಂಜರಿಯುವುದಕ್ಕೆ ಇನ್ನೊಂದು ಕಾರಣ ಪೊಲೀಸ್ ಠಾಣೆ, ಕೋರ್ಟು, ಪತ್ರಿಕೆ ಎಂಬ ಹೆದರಿಕೆ. ಇದು ಸಹಜ. ಆದರೆ ಕಾಯ್ದೆ ಈ ಹೆದರಿಕೆಗೂ ಉತ್ತರ ಕೊಟ್ಟಿದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೇ ಅಥವಾ ಅದು ಬಯಸಿದ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ಸಮವಸ್ತ್ರವಿಲ್ಲದೆ ಬಂದು ದಾಖಲಿಸಬೇಕು. ಹೆತ್ತವರು ಅಥವಾ ಮಗು ನಂಬುವ ಒಬ್ಬರು ಜೊತೆಗಿರಬೇಕು. ಯಾವ ಕಾರಣಕ್ಕೂ ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಪೊಲೀಸರು 24 ಗಂಟೆಗಳೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ತುರ್ತು ಚಿಕಿತ್ಸೆಗೆ ಆಸ್ಪತ್ರೆಯವರು ಪೊಲೀಸ್ ಕಾಗದ ಕೇಳುವಂತಿಲ್ಲ. ವಿಚಾರಣೆ ಮುಚ್ಚಿದ ಬಾಗಿಲೊಳಗೆ ನಡೆಯುತ್ತದೆ. ಮಗುವಿನ ಹೆಸರು, ಚಿತ್ರ, ಮನೆ, ಶಾಲೆ ಯಾವುದನ್ನೂ ಪತ್ರಿಕೆಗಳು ಬಹಿರಂಗಪಡಿಸುವಂತಿಲ್ಲ.

ವಿಚಾರಣೆ ಒಂದು ವರ್ಷದೊಳಗೆ ಮುಗಿಯಬೇಕೆಂಬ ಆಶಯ ಎಷ್ಟೋ ಪ್ರಕರಣಗಳಲ್ಲಿ ಈಡೇರುತ್ತಿಲ್ಲ ಎಂಬುದು ನಿಜ. ಆ ದೀರ್ಘ ದಾರಿಯಲ್ಲಿ ಮಗುವಿಗೂ ತಾಯಿಗೂ ಜೊತೆಯಾಗಿ ನಡೆಯುವವರು ಬೇಕು. 2020ರ ಪೋಕ್ಸೊ ನಿಯಮಗಳು ‘ಬೆಂಬಲ ವ್ಯಕ್ತಿ’ ಎಂಬ ವ್ಯವಸ್ಥೆಯನ್ನು ವಿವರಿಸಿವೆ. ಕಿರು ಕ್ರೈಸ್ತ ಸಮುದಾಯಗಳು ಇಲ್ಲಿ ಮಾಡಬಹುದಾದ ಸೇವೆ ದೊಡ್ಡದು. ರಾಜಿ ಪಂಚಾಯಿತಿಕೆಗೆ ಓಡಾಡುವ ಕಾಲುಗಳು ಕೋರ್ಟಿನ ದಿನ ಆ ತಾಯಿಯ ಜೊತೆ ಓಡಾಡಲಿ.

ಧರ್ಮಸಭೆಯ ಕಾನೂನು ಬೇರೆಯೇ?

ಧರ್ಮಸಭೆಯೊಳಗಿನ ವಿಷಯವನ್ನು ಧರ್ಮಸಭೆಯೇ ನೋಡಿಕೊಳ್ಳುತ್ತದೆ ಎಂಬ ವಾದವನ್ನು ಕೆಲವರು ಈಗಲೂ ಮುಂದಿಡುತ್ತಾರೆ. ಸ್ವತಃ ಧರ್ಮಸಭೆಯೇ ಈ ವಾದವನ್ನು ಒಪ್ಪುವುದಿಲ್ಲ. ಜಗದ್ಗುರು ಫ್ರಾನ್ಸಿಸರು 2019ರ ಮೇ ತಿಂಗಳಲ್ಲಿ ಹೊರಡಿಸಿ, 2023ರಲ್ಲಿ ಶಾಶ್ವತಗೊಳಿಸಿದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಎಂಬ ಶಾಸನದ ಪ್ರಕಾರ, ಇಂಥ ವಿಷಯ ತಿಳಿದ ಗುರುಗಳೂ ಧಾರ್ಮಿಕ ಸಭೆಗಳ ಸದಸ್ಯರೂ ಧರ್ಮಾಧ್ಯಕ್ಷರಿಗೆ ಅಥವಾ ಸಂಬಂಧಪಟ್ಟ ಅಧಿಕಾರಿಗೆ ತಡವಿಲ್ಲದೆ ವರದಿ ಮಾಡಬೇಕು. ದೂರು ಸ್ವೀಕರಿಸಲು ಪ್ರತಿ ಧರ್ಮಪ್ರಾಂತ್ಯದಲ್ಲಿ ಜನರಿಗೆ ಸುಲಭವಾಗಿ ಸಿಗುವ ವ್ಯವಸ್ಥೆ ಇರಬೇಕು. ನಾಡಿನ ಕಾನೂನು ವಿಧಿಸುವ ವರದಿಯ ಹೊಣೆಗೆ ಇದರಿಂದ ಯಾವ ಬಾಧೆಯೂ ಇಲ್ಲವೆಂದು ಅದೇ ಶಾಸನ ಸ್ಪಷ್ಟಪಡಿಸುತ್ತದೆ. 2019ರ ಡಿಸೆಂಬರ್‌ನಲ್ಲಿ ಇಂಥ ಪ್ರಕರಣಗಳಿಗೆ ಇದ್ದ ‘ಪೊಂತಿಫಿಕಲ್ ಗೌಪ್ಯತೆ’ಯನ್ನೂ ತೆಗೆದುಹಾಕಲಾಯಿತು. ಆದ್ದರಿಂದ ಧರ್ಮಾಧ್ಯಕ್ಷರ ನಿವಾಸಕ್ಕೆ ಪತ್ರ ಬರೆದ ಮಾತ್ರಕ್ಕೆ ಪೊಲೀಸರಿಗೆ ತಿಳಿಸುವ ಕರ್ತವ್ಯ ಮುಗಿಯುವುದಿಲ್ಲ.

ಪಾಪನಿವೇದನೆಯ ಗುಟ್ಟು ಇಲ್ಲಿ ಬೇರೆಯೇ ಪ್ರಶ್ನೆ. ಧರ್ಮಸಭೆಯ ಕಾನೂನಿನ 983ನೇ ವಿಧಿಯಂತೆ ಅದು ಉಲ್ಲಂಘಿಸಲಾಗದ್ದು. ಪೋಕ್ಸೊ ಕಾಯ್ದೆಯಾದರೋ ಅದಕ್ಕೆಂದು ವಿನಾಯಿತಿ ಹೇಳಿಲ್ಲ. ಈ ಎರಡರ ನಡುವಿನ ತೊಡಕನ್ನು ಮುಂದೆ ಮಾಡಿ ಉಳಿದೆಲ್ಲವನ್ನೂ ಮರೆಮಾಚುವುದು ಸಲ್ಲದು. ಗುರುಗಳ ಕಿವಿಗೆ ಬೀಳುವ ಮಾತುಗಳಲ್ಲಿ ಹೆಚ್ಚಿನವು ಬರುವುದು ಕಚೇರಿಯಲ್ಲಿ, ಆಟದ ಮೈದಾನದಲ್ಲಿ, ಮನೆಭೇಟಿಯಲ್ಲಿ. ಅಲ್ಲಿ ಯಾವ ಗುಟ್ಟಿನ ಬಂಧನವೂ ಇಲ್ಲ. ನಿವೇದನೆಯಲ್ಲಿ ನೊಂದ ಮಗು ಬಾಯಿ ಬಿಟ್ಟರೂ, “ಇದರಲ್ಲಿ ನಿನ್ನ ಪಾಪವಿಲ್ಲ, ನೀನು ನಂಬುವ ದೊಡ್ಡವರೊಬ್ಬರಿಗೆ ಇದನ್ನು ಹೇಳು” ಎಂದು ಧೈರ್ಯ ತುಂಬಲು ಗುರುಗಳಿಗೆ ಅಡ್ಡಿಯೇನಿಲ್ಲ.

ಕೀಟಲೆ, ಬೆತ್ತ ಮತ್ತು ಮೊಬೈಲ್

ಮಕ್ಕಳ ನೋವು ಲೈಂಗಿಕ ಅಪರಾಧಕ್ಕೆ ಸೀಮಿತವಲ್ಲ. ಬೆತ್ತದ ಏಟು, ತರಗತಿಯ ಮುಂದೆ ಅವಮಾನ, ಹಾಸ್ಟೆಲಿನ ರ‍್ಯಾಗಿಂಗ್ ಇವೂ ಕಾನೂನಿನ ವ್ಯಾಪ್ತಿಗೆ ಬರುತ್ತವೆ. 2009ರ ಶಿಕ್ಷಣ ಹಕ್ಕು ಕಾಯ್ದೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಪೀಠ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿತು. ನಮ್ಮ ಶಾಲೆಗಳು ಇದರಲ್ಲಿ ಆಸರೆ ಹುಡುಕಬಾರದು. 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಮು ಮಗುವಿನ ಮೇಲಿನ ಕ್ರೌರ್ಯಕ್ಕೆ ಮೂರು ವರ್ಷದವರೆಗೆ, ಮಕ್ಕಳ ಪಾಲನೆಯ ಹೊಣೆ ಹೊತ್ತ ಸಂಸ್ಥೆಯವರೇ ಎಸಗಿದರೆ ಐದು ವರ್ಷದವರೆಗೆ ಸೆರೆವಾಸ ವಿಧಿಸುತ್ತದೆ. ಪೋಕ್ಸೊದಲ್ಲೂ ಶಿಕ್ಷಣ ಸಂಸ್ಥೆ ಅಥವಾ ಧಾರ್ಮಿಕ ಸಂಸ್ಥೆಯ ಆಡಳಿತದವರು, ಸಿಬ್ಬಂದಿ ಅಲ್ಲಿನ ಮಗುವಿನ ಮೇಲೆ ಎಸಗಿದ ಕೃತ್ಯ ‘ಉಲ್ಬಣಿತ’ ಅಪರಾಧವಾಗಿ ಶಿಕ್ಷೆ ಹೆಚ್ಚುತ್ತದೆ. ಈ ಕಾಯ್ದೆಗಳಲ್ಲಿ ಅಲ್ಪಸಂಖ್ಯಾತರಿಗೆ ವಿನಾಯಿತಿ ಇಲ್ಲ, ಇರಲೂ ಬಾರದು.

ಕಾಲೇಜುಗಳಲ್ಲಿ ರ‍್ಯಾಗಿಂಗ್ ತಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ 2009ರ ನಿಯಮಗಳಿವೆ. 18 ದಾಟಿದ ಯುವತಿಯರಿಗೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ರಕ್ಷಣೆ ಕೊಡುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ಸಂಬಳವಿಲ್ಲದೆ ಸ್ವಯಂಸೇವೆ ಮಾಡುವ ಮಹಿಳೆಯೂ ಅದರ ರಕ್ಷಣೆಗೆ ಅರ್ಹಳು ಎಂಬುದನ್ನು ನಮ್ಮ ಸಂಘಟನೆಗಳು ತಿಳಿದಿರಬೇಕು.

ಇನ್ನು ಮೊಬೈಲ್. ಮಕ್ಕಳ ಅಶ್ಲೀಲ ದೃಶ್ಯಗಳನ್ನು ತಯಾರಿಸುವುದು, ಹಂಚುವುದು ಮಾತ್ರವಲ್ಲ, ಅಳಿಸದೆ, ದೂರು ಕೊಡದೆ ಇಟ್ಟುಕೊಳ್ಳುವುದೂ ಪೋಕ್ಸೊದಡಿ ಅಪರಾಧವಾಗಬಹುದು ಎಂದು 2024ರ ಸೆಪ್ಟೆಂಬರ್ 23ರಂದು ಸುಪ್ರೀಂ ಕೋರ್ಟ್ ಹೇಳಿದೆ. “ಯಾರೋ ಗ್ರೂಪಿಗೆ ಕಳುಹಿಸಿದ್ದು, ನಾನೇನು ಮಾಡಲಿ” ಎಂದು ಇನ್ನೊಂದು ಗ್ರೂಪಿಗೆ ದಾಟಿಸುವ ಯುವಕರಿಗೆ ಇದನ್ನು ಬಿಡಿಸಿ ಹೇಳುವವರು ಬೇಕು.

ಹದಿಹರೆಯದ ಪ್ರೀತಿ

ಈ ಕಾಯ್ದೆಯ ಬಗ್ಗೆ ಇರುವ ಒಂದು ಗಂಭೀರ ಆಕ್ಷೇಪವನ್ನೂ ಗಮನಿಸಬೇಕು. 16-17ರ ಹುಡುಗಿ ಮತ್ತು ಅವಳಿಗಿಂತ ಒಂದೆರಡು ವರ್ಷ ದೊಡ್ಡ ಹುಡುಗ ಪ್ರೀತಿಸಿ ಓಡಿಹೋದರೆ, ಹುಡುಗಿಯ ಒಪ್ಪಿಗೆಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹುಡುಗ ಕಠಿಣ ಶಿಕ್ಷೆಯ ಭೀತಿ ಎದುರಿಸುತ್ತಾನೆ. ಈ ವಯೋಮಿತಿಯನ್ನು ಕಾನೂನು ಆಯೋಗ ಪರಿಶೀಲಿಸಬೇಕೆಂದು 2022ರಲ್ಲಿ ಕರ್ನಾಟಕ ಹೈಕೋರ್ಟ್ ಅಭಿಪ್ರಾಯಪಟ್ಟಿತ್ತು. 2023ರ ತನ್ನ 283ನೇ ವರದಿಯಲ್ಲಿ ಆಯೋಗ ವಯಸ್ಸನ್ನು ಇಳಿಸುವುದು ಬೇಡವೆಂದಿತು, ಆದರೆ 16ರಿಂದ 18ರವರೆಗಿನ ಇಂಥ ಪ್ರಕರಣಗಳಲ್ಲಿ ನ್ಯಾಯಾಧೀಶರಿಗೆ ವಿವೇಚನೆಯ ಅವಕಾಶ ಕೊಡಲು ಸಲಹೆ ಮಾಡಿತು. ಹೇಗಿದ್ದರೂ “ಇಬ್ಬರಿಗೂ ಮದುವೆ ಮಾಡಿಸಿ ಮುಗಿಸೋಣ” ಎಂಬ ಹಳೆಯ ಪರಿಹಾರ ಈಗ ಪರಿಹಾರವೇ ಅಲ್ಲ. ಕರ್ನಾಟಕದ ತಿದ್ದುಪಡಿಯಂತೆ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ. ಪೊಲೀಸ್ ಕೇಸಾದ ಮೇಲೆ ಕಾಯ್ದೆ ವಿವರಿಸುವ ಬದಲು, ಯುವಜನರ ಶಿಬಿರಗಳಲ್ಲಿ ಮುಂಚಿತವಾಗಿಯೇ ಮುಚ್ಚುಮರೆಯಿಲ್ಲದೆ ಮಾತನಾಡುವುದು ಒಳ್ಳೆಯದು.

ಧರ್ಮಕೇಂದ್ರ ಏನು ಮಾಡಬಹುದು?

ಮೊದಲನೆಯದಾಗಿ, ಮಗು ಹೇಳುವುದನ್ನು ತಾಳ್ಮೆಯಿಂದ ಕೇಳಬೇಕು. ಅಡ್ಡಪ್ರಶ್ನೆ ಬೇಡ, ಹತ್ತು ಜನರ ಮುಂದೆ ಪುನಃ ಪುನಃ ಹೇಳಿಸುವುದೂ ಬೇಡ. “ಯಾರಿಗೂ ಹೇಳುವುದಿಲ್ಲ” ಎಂಬ ಉಳಿಸಿಕೊಳ್ಳಲಾಗದ ಮಾತು ಕೊಡಬಾರದು. “ನೀನು ಹೇಳಿದ್ದು ಒಳ್ಳೆಯದಾಯಿತು” ಎಂಬ ಮಾತು ಸಾಕು. ಮಗುವಿನ ಮಾತುಗಳನ್ನೇ, ದಿನಾಂಕ ಸಹಿತ ಬರೆದಿಟ್ಟು ಅಂದೇ ಪೊಲೀಸರಿಗೆ ತಿಳಿಸಬೇಕು. ಮಕ್ಕಳ ಸಹಾಯವಾಣಿ 1098, ತುರ್ತು ಕರೆ 112. ಆರೋಪಿತರನ್ನು ಕರೆಸಿ ಎದುರುಬದುರು ಮಾಡಬಾರದು. ಅದು ಮಗುವನ್ನು ಹೆದರಿಸಲು ಮತ್ತು ಸಾಕ್ಷ್ಯ ಅಳಿಸಲು ದಾರಿಯಾದೀತು. ಆರೋಪಿತನೂ 18ರೊಳಗಿನವನಾದರೆ ಅವನ ವಿಷಯವನ್ನು ಬಾಲನ್ಯಾಯ ಮಂಡಳಿ ನೋಡಿಕೊಳ್ಳುತ್ತದೆ.

ಎರಡನೆಯದಾಗಿ, ಮಕ್ಕಳೊಂದಿಗೆ ಕೆಲಸ ಮಾಡುವ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸುವುದನ್ನು 2020ರ ನಿಯಮಗಳು ಶಾಲೆ, ವಸತಿಗೃಹಗಳಿಗೆ ಕಡ್ಡಾಯ ಮಾಡಿವೆ. ನಮ್ಮ ಬೇಸಿಗೆ ಶಿಬಿರ, ಸಂಗೀತ ತರಗತಿಗಳಿಗೂ ಇದೇ ಎಚ್ಚರ ಬೇಕು. ಮೂರನೆಯದಾಗಿ, ಯಾರಿಗೆ ದೂರು ಕೊಡಬೇಕೆಂಬುದನ್ನು ಇಗರ್ಜಿಯ ಫಲಕದಲ್ಲಿ, ಮಕ್ಕಳ ಕಣ್ಣಿನ ಎತ್ತರದಲ್ಲಿ ಅಂಟಿಸಬೇಕು.

ಪುಟ್ಟವರನ್ನು ಎಡವಿಸುವವರ ಕುರಿತು ಯೇಸುಸ್ವಾಮಿ ಬೀಸುವ ಕಲ್ಲಿನ ಕಠೋರ ಮಾತನ್ನಾಡಿದ್ದು ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿದೆ. ಅಲ್ಲಿ ಕುಟುಂಬದ ಮರ್ಯಾದೆಯ ಮಾತಿಲ್ಲ, ಸಂಸ್ಥೆಯ ಹೆಸರಿನ ಮಾತಿಲ್ಲ. ಮಧ್ಯದಲ್ಲಿ ನಿಂತಿರುವುದು ಒಂದು ಮಗು ಮಾತ್ರ.

ಪ್ರತಿ ವರ್ಷ ತೆನೆಹಬ್ಬಕ್ಕೆ ಮುಂಚಿನ ಒಂಬತ್ತು ದಿನ ನಮ್ಮ ಮಕ್ಕಳು ಹೂವಿನ ತಟ್ಟೆ ಹಿಡಿದು ಬಾಲೆ ಮರಿಯಳ ಮುಂದೆ ಸಾಲಾಗಿ ಬರುತ್ತಾರೆ. ಇಗರ್ಜಿಯ ಗೇಟಿನೊಳಗೆ ಬಿಟ್ಟ ಮೇಲೆ ಮಗು ಕ್ಷೇಮ ಎಂದು ನಂಬಿ ತಾಯಂದಿರು ನಿಶ್ಚಿಂತೆಯಿಂದ ಮನೆಗೆ ಮರಳುತ್ತಾರೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವ ಹೊಣೆ ನಮ್ಮೆಲ್ಲರದು. ಮುಂದಿನ ಪಾಲನಾ ಮಂಡಳಿಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯಕ್ಕೆ ಮೊದಲ ಸ್ಥಾನ ಸಿಗಲಿ.