ಕರಗಿಸಿ ಮಾಡಿಸಿದ ಒಡವೆ

ಅಜ್ಜಿಯ ಕಾಲದ ಕಾಸಿನ ಸರವನ್ನು ಅಕ್ಕಸಾಲಿಗನ ಮುಂದಿಡುವ ದಿನ ಯಾವ ಮನೆಯಲ್ಲಿಯೂ ವಾದವಿಲ್ಲದೆ ಕಳೆಯುವುದಿಲ್ಲ. “ಚೆನ್ನಾಗಿರುವುದನ್ನು ಕರಗಿಸಬಹುದೆ?” ಎಂದು ಹಿರಿಯರು ಕೇಳುತ್ತಾರೆ. “ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದಕ್ಕಿಂತ ಕೊರಳಿಗೆ ಹಾಕಿಕೊಳ್ಳುವಂತಾದರೆ ಮೇಲಲ್ಲವೆ?” ಎಂದು ಕಿರಿಯರು ಮರುನುಡಿಯುತ್ತಾರೆ. ಎರಡು ಮಾತಿನಲ್ಲಿಯೂ ನ್ಯಾಯವುಂಟು. ಇದೇ ಪ್ರಶ್ನೆ ಒಮ್ಮೆ ಮೋಟಾರು ಕಾರಿನ ವಿಷಯದಲ್ಲಿಯೂ ಎದ್ದಿತೆಂದರೆ ವಾಚಕರಿಗೆ ಸೋಜಿಗವಾದೀತು.

ಅಮೆರಿಕದಲ್ಲಿ ಜೇಮ್ಸ್ ಗ್ಲಿಕನ್‌ಹೌಸ್ ಎಂಬ ಶ್ರೀಮಂತರುಂಟು. ಚಲನಚಿತ್ರಗಳನ್ನು ನಿರ್ದೇಶಿಸಿ, ಅನಂತರ ಹಣಕಾಸಿನ ವ್ಯವಹಾರಕ್ಕಿಳಿದವರು. ಹಳೆಯ ಪಂದ್ಯದ ಕಾರುಗಳನ್ನು ಸಂಗ್ರಹಿಸುವುದು ಅವರ ಹವ್ಯಾಸ. ಸಂಗ್ರಹಿಸಿದ್ದನ್ನು ಧೂಳು ಹೊದಿಸಿ ನಿಲ್ಲಿಸದೆ ಎಲ್ಲರಂತೆ ಬೀದಿಯಲ್ಲಿ ಓಡಿಸುವುದು ಅದಕ್ಕೂ ದೊಡ್ಡ ಹವ್ಯಾಸ. 1967ರ ಫೆರಾರಿ ಪಿ4 ಎಂಬ ಪಂದ್ಯದ ಕಾರಿನ ತುಂಬುಮೈಯ ಚೆಲುವು ಅವರ ಮನಸ್ಸಿನಲ್ಲಿ ನೆಲೆನಿಂತಿತ್ತು. ಆ ಚೆಲುವೂ ಇಂದಿನ ಯಂತ್ರಶಕ್ತಿಯೂ ಕೂಡಿದ ಕಾರೊಂದು, ಜಗತ್ತಿನಲ್ಲಿ ಒಂದೇ ಒಂದು, ತಮಗೆ ಬೇಕೆನಿಸಿತು.

ಹೀಗೆ ಹೇಳಿ ಮಾಡಿಸುವುದು ಹಿಂದೆ ಅಪರೂಪವಾಗಿರಲಿಲ್ಲ. ನಮ್ಮಲ್ಲಿ ಲಾರಿಯ ಛಾಸಿಯನ್ನು ಕೊಂಡು ಬಾಡಿ ಕಟ್ಟಿಸುವಂತೆ, ಆಗಿನ ಸಿರಿವಂತರು ಯಂತ್ರವನ್ನೂ ಛಾಸಿಯನ್ನೂ ಒಂದೆಡೆ ಕೊಂಡು, ಮೇಲಿನ ಮೈಯನ್ನು ಬೇರೊಬ್ಬ ಕುಶಲಿಯಿಂದ ಕಟ್ಟಿಸುತ್ತಿದ್ದರು. 1930ರ ದಶಕದಲ್ಲಿ ಇಂದೂರಿನ ಮಹಾರಾಜ ಯಶವಂತರಾವ್ ಹೋಳ್ಕರರು ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿಗೆ ಲಂಡನ್ನಿನ ಗರ್ನಿ ನಟಿಂಗ್ ಸಂಸ್ಥೆಯಿಂದ ಮೈ ಕಟ್ಟಿಸಿದ್ದರು. ಎರಡನೆಯ ಮಹಾಯುದ್ಧದ ಅನಂತರ ಛಾಸಿಯೂ ಮೈಯೂ ಒಂದಾಗಿ ಬೆಸೆದ ಕಾರುಗಳು ಕಾರಖಾನೆಗಳಿಂದ ಸಾವಿರಗಟ್ಟಲೆ ಹೊರಬೀಳತೊಡಗಿದವು. ಆ ಕುಶಲಿಗಳ ಅಂಗಡಿಗಳು ಒಂದೊಂದಾಗಿ ಮುಚ್ಚಿದವು.

ಉಳಿದ ಕೆಲವರಲ್ಲಿ ಇಟಲಿಯ ಟ್ಯೂರಿನ್ ನಗರದ ಪಿನಿನ್‌ಫರೀನಾ ಸಂಸ್ಥೆ ಒಂದು. 1930ರಲ್ಲಿ ಸ್ಥಾಪಿತವಾದ ಈ ಸಂಸ್ಥೆ 1952ರಿಂದ ಫೆರಾರಿ ಕಾರುಗಳಿಗೆ ರೂಪ ಕೊಡುತ್ತ ಬಂದಿತ್ತು. ಸಂಸ್ಥಾಪಕರ ಮೊಮ್ಮಗ ಆಂದ್ರೆಯಾ ಪಿನಿನ್‌ಫರೀನಾ ಅವರ ಆಡಳಿತದಲ್ಲಿ ಈ ಕೆಲಸ ಅಲ್ಲಿ ಆರಂಭವಾಯಿತು. ಆದರೆ ಬಂಗಾರವಿಲ್ಲದೆ ಒಡವೆಯುಂಟೆ? ಗ್ಲಿಕನ್‌ಹೌಸರು ಹೊಚ್ಚ ಹೊಸದೊಂದು ಫೆರಾರಿ ಎಂಜೋ ಕಾರನ್ನು ಕೊಂಡು ಟ್ಯೂರಿನ್ನಿಗೆ ಕಳುಹಿಸಿದರು. ಎಂಜೋ ಎಂದರೆ ಜಗತ್ತಿಗೆಲ್ಲ ಸುಮಾರು 400 ಮಾತ್ರ ತಯಾರಾದ ಕಾರು. 660 ಅಶ್ವಶಕ್ತಿ, 12 ಸಿಲಿಂಡರುಗಳ ಯಂತ್ರ. ಕೊಳ್ಳಲು ಹಣವಿದ್ದರೂ ಸಿಕ್ಕದೆ ಜನ ಪರಿತಪಿಸುತ್ತಿದ್ದ ವಸ್ತು. ಅದರ ಹೊರಮೈಯನ್ನು ಕಳಚಿಹಾಕಲಾಯಿತು! ಆ ಹೊರಮೈಗೆ ರೂಪ ಕೊಟ್ಟಿದ್ದುದೂ ಪಿನಿನ್‌ಫರೀನಾದವರೇ. ತಾವೇ ತೊಡಿಸಿದ್ದ ಉಡುಗೆಯನ್ನು ತಮ್ಮ ಕೈಯಿಂದಲೇ ತೆಗೆಯಬೇಕಾಯಿತು.

ಜೇಸನ್ ಕಾಸ್ಟ್ರಿಯೋಟಾ ಎಂಬ ತರುಣ ವಿನ್ಯಾಸಕಾರರು ಹೊಸ ರೂಪವನ್ನು ಬರೆದರು. ಯಂತ್ರವೂ ಒಳಗೂಡೂ ಎಂಜೋವಿನದೇ. ಮೈ ಮಾತ್ರ ಇಂಗಾಲದ ನಾರಿನಿಂದ ಹೊಸದಾಗಿ ಮೂಡಿತು. 200ಕ್ಕೂ ಹೆಚ್ಚು ಭಾಗಗಳನ್ನು ಈ ಒಂದೇ ಕಾರಿಗಾಗಿ ರೂಪಿಸಿದರು. ಅಂದವಾಗಿ ಕಂಡರೆ ಸಾಲದು. ಮಹಾವೇಗದಲ್ಲಿ ಗಾಳಿ ಅಡಿಯಿಂದ ಎತ್ತಿ ಹಾಕದಂತೆ ಕಾರು ನೆಲವನ್ನು ಕಚ್ಚಿ ಓಡಬೇಕು. ಅದಕ್ಕಾಗಿ ಬೃಹತ್ ಗಾಳಿಸುರಂಗದಲ್ಲಿ ಪರೀಕ್ಷೆಗಳು ನಡೆದವು. ಒಟ್ಟು ವೆಚ್ಚ ಸುಮಾರು 40 ಲಕ್ಷ ಡಾಲರುಗಳೆಂದು ಆಗ ವರದಿಯಾಯಿತು. ತಿಂಗಳ ಕೊನೆಗೆ ಹಾಲಿನವನ ಲೆಕ್ಕ ನೋಡುವ ನಮಗೆ ಆ ಮೊತ್ತ ಊಹೆಗೂ ನಿಲುಕದು, ಬಿಡಿ.

ಹಣಕ್ಕಿಂತ ಹಿರಿದಾದ ಅಪಾಯವೊಂದಿತ್ತು. ಅಂಗಡಿಯಲ್ಲಿ ಕೊಂಡ ವಸ್ತು ಕೆಟ್ಟದಾದರೆ ಮಾಡಿದವನನ್ನು ದೂರಬಹುದು. ಹೇಳಿ ಮಾಡಿಸಿದ್ದು ಕುರೂಪವಾದರೆ? ಸರಿಯಾಗಿದ್ದ ಎಂಜೋವನ್ನು ಹಾಳುಮಾಡಿದ ಅಪಕೀರ್ತಿ ಮಾಡಿಸಿದವರ ಹೆಗಲಿಗೂ ಏರುತ್ತದೆ. ಫೆರಾರಿಯವರು ಅದನ್ನು ತಮ್ಮದೆಂದು ಒಪ್ಪದಿದ್ದರೆ ಅದು ಗೋತ್ರವಿಲ್ಲದ ಕೂಸು. ಆದರೆ ಫೆರಾರಿಯ ಅಂದಿನ ಅಧ್ಯಕ್ಷ ಲೂಕಾ ದಿ ಮಾಂಟೆಜೆಮೊಲೊ ಅವರು ಕಾರನ್ನು ಮೆಚ್ಚಿ, ಫೆರಾರಿ ಎಂಬ ಹೆಸರನ್ನು ಧರಿಸಲು ಸಮ್ಮತಿಸಿದರು. 2006ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಪೆಬಲ್ ಬೀಚಿನಲ್ಲಿ ‘ಫೆರಾರಿ ಪಿ 4/5’ ಜನರ ಕಣ್ಣಿಗೆ ಬಿದ್ದಿತು. 2008ರಲ್ಲಿ ಫೆರಾರಿಯವರೇ ಸ್ವತಃ, ಗಿರಾಕಿಯ ಇಚ್ಛೆಯಂತೆ ಒಂಟಿ ಕಾರುಗಳನ್ನು ಮಾಡಿಕೊಡುವ ವಿಶೇಷ ವಿಭಾಗದ ಮೊದಲ ಕಾರನ್ನು ಹೊರತಂದರು.

ಅದೇ 2008ರ ಆಗಸ್ಟಿನಲ್ಲಿ ಆಂದ್ರೆಯಾ ಪಿನಿನ್‌ಫರೀನಾ ಅವರು ಟ್ಯೂರಿನ್ನಿನ ಬಳಿ ಸ್ಕೂಟರಿನಲ್ಲಿ ಹೋಗುತ್ತಿದ್ದಾಗ ಅಪಘಾತಕ್ಕೀಡಾಗಿ ತೀರಿಕೊಂಡರು. ವಯಸ್ಸು 51. ಇಂಥ ಕಾರನ್ನು ಕಟ್ಟಿಸಿಕೊಟ್ಟ ಮನುಷ್ಯ ಸ್ಕೂಟರಿನ ಮೇಲೆ ಕೆಲಸಕ್ಕೆ ಹೋಗುತ್ತಿದ್ದನೆಂಬ ಮಾತು ಮನಸ್ಸನ್ನು ಕಲಕುತ್ತದೆ.

ಹಾಗಾದರೆ ಎಂಜೋವನ್ನು ಮುರಿದದ್ದು ಸರಿಯೆ? ಹೊಸ ಕಾರು ಗಾಜಿನ ಕೋಣೆ ಸೇರಿದ್ದರೆ ಸರಿಯಲ್ಲವೆಂದೇ ನಾನು ಹೇಳುತ್ತಿದ್ದೆ. ಆದರೆ ಅದಕ್ಕೆ ನಂಬರು ಹಲಗೆ ಬಂದಿತು. ಒಡೆಯರು ಅದನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸಿದರು. ದಾರಿಹೋಕರೂ ನಿಂತು ನೋಡಿ ಸಂತೋಷಪಟ್ಟರು. ಹಳೆಯದನ್ನು ಮಾಡಿದ ಕೈಯೇ ಹೊಸದನ್ನೂ ಮಾಡಿತು. ಮಾಡಿಸಿದವನು ಅದನ್ನು ದಿಟವಾಗಿ ಬಳಸಿದನು. ಇಷ್ಟಿದ್ದರೆ ಕರಗಿಸಿದ್ದರಲ್ಲಿ ಅಪಚಾರವಿಲ್ಲ.

ಮುಂದಿನ ಬಾರಿ ಮನೆಯಲ್ಲಿ ಕಾಸಿನ ಸರದ ಮಾತು ಬಂದಾಗ ನೀವೂ ಕೇಳಿ ನೋಡಿ: ಹೊಸದನ್ನು ಹಾಕಿಕೊಳ್ಳುವವರು ಯಾರು, ವರ್ಷಕ್ಕೆ ಎಷ್ಟು ದಿನ? ಉತ್ತರ ತಡವರಿಸಿದರೆ, ಅಜ್ಜಿಯ ಸರ ಹಾಗೆಯೇ ಇರಲಿ.