ಬ್ಯಾಕ್ಟೀರಿಯಾ ನಿಮ್ಮ ಜೀತದಾಳಲ್ಲ

ಮೆಕ್ಕೆಜೋಳ ಬಿತ್ತಿದ ಮರುದಿನವೇ ಅಟ್ರಜಿನ್ ಕಳೆನಾಶಕ ಹೊಡೆಯುತ್ತೀರಿ. ಪೊಟ್ಟಣದ ಮೇಲಿನ ಪ್ರಮಾಣ ಓದುವವರು ಕಡಿಮೆ. ‘ಒಂದಿಷ್ಟು ಜಾಸ್ತೀನೇ ಇರಲಿ’ ಎನ್ನುವವರೇ ಹೆಚ್ಚು. ಅದೇ ಹೊಲದಲ್ಲಿ ಮುಂದೆ ಹಾಕಿದ ಹೆಸರು, ಸೂರ್ಯಕಾಂತಿ ಎಳೆಯದರಲ್ಲೇ ಸುಟ್ಟುಹೋದರೆ ಬೀಜದಂಗಡಿಯವನಿಗೆ ಬೈಗುಳ. ಮಣ್ಣು ಕೆಟ್ಟಿದೆ ಎಂದು ಯಾರಾದರೂ ಎಚ್ಚರಿಸಿದರೋ, ‘ಅದಕ್ಕೂ ಬ್ಯಾಕ್ಟೀರಿಯಾ ಬಂದಿದೆಯಲ್ಲ, ತಿಂದುಹಾಕುತ್ತೆ ಬಿಡಿ’ ಎಂಬ ಉತ್ತರ ನಾಲಿಗೆ ತುದಿಯಲ್ಲೇ ಸಿದ್ಧ.

ತಿನ್ನುತ್ತದೆ, ಸುಳ್ಳಲ್ಲ. ಅಮೆರಿಕದ ಮಿನ್ನೆಸೋಟದಲ್ಲಿ ಕಳೆನಾಶಕ ಚೆಲ್ಲಿದ್ದ ಜಾಗದ ಮಣ್ಣಿನಲ್ಲಿ ಸೂಡೊಮೊನಾಸ್‌ನ ಎಡಿಪಿ ಎಂಬ ಬ್ಯಾಕ್ಟೀರಿಯಾ ತಳಿ ಸಿಕ್ಕಿತು. ಸಾರಜನಕಕ್ಕಾಗಿ ಅದು ಅಟ್ರಜಿನ್ನನ್ನೇ ಒಡೆಯುತ್ತದೆ. ಅದರ ಒಂದು ಕಿಣ್ವ ಅಟ್ರಜಿನ್‌ನ ಕ್ಲೋರಿನ್ ಕಿತ್ತುಹಾಕಿದರೆ ಸಾಕು, ಗಿಡ ಕೊಲ್ಲುವ ಗುಣ ಹೋಗುತ್ತದೆ. ಆ ಕಿಣ್ವವನ್ನು ಇ. ಕೋಲಿಯಲ್ಲಿ ಬೆಳೆಸಿ, ಕೋಶಗಳನ್ನು ಕೊಂದು, ವಿಷ ಚೆಲ್ಲಿದ್ದ ಮಣ್ಣಿಗೆ ಬೆರೆಸಿದ ಪ್ರಯೋಗದ ವರದಿ 2000ದಲ್ಲಿ ಪ್ರಕಟವಾಯಿತು. ಜೊತೆಗೆ ರಂಜಕವನ್ನೂ ಕೊಟ್ಟ ಕಡೆ ಎಂಟು ವಾರದಲ್ಲಿ ಶೇ 77ರಷ್ಟು ಅಟ್ರಜಿನ್ ಇಳಿದಿತ್ತು.

ಈ ಒಂದು ಅಂಕಿ ಹಿಡಿದು ಕುಣಿಯುವವರು ಉಳಿದದ್ದನ್ನೂ ಓದಬೇಕು. ಅಲ್ಲಿದ್ದದ್ದು ಎಕರೆಗಟ್ಟಲೆ ಹೊಲವಲ್ಲ, ತಲಾ ಮುಕ್ಕಾಲು ಘನಮೀಟರ್ ಮಣ್ಣಿನ ಮಡಿಗಳು. ಬೆರೆಸಿದ ಕೋಶ ಮಣ್ಣಿನ ತೂಕದ ಶೇ 0.5. ಒಂದು ಎಕರೆಯ ಮಣ್ಣನ್ನು ಬರೀ ಅರ್ಧ ಅಡಿ ಆಳಕ್ಕೆ ಹಿಡಿದರೂ ಎಂಟುನೂರು ಟನ್ ದಾಟುತ್ತದೆ; ಆ ಲೆಕ್ಕಕ್ಕೆ ನಾಲ್ಕು ಟನ್ ಕೋಶ ಬೇಕು. ನಿಮ್ಮ ಹೊಲದಲ್ಲಿ ಅಷ್ಟು ವಿಷವಿಲ್ಲ, ಒಪ್ಪೋಣ. ಹಾಗೆಂದು ಲೀಟರ್ ಬಾಟಲಿಯೊಂದನ್ನು ಡ್ರಮ್ಮಿಗೆ ಸುರಿದು ಕೈ ತೊಳೆದುಕೊಳ್ಳುವುದು ಯಾವ ಲೆಕ್ಕ?

ಜೀವಂತ ಬ್ಯಾಕ್ಟೀರಿಯಾ ಹಾಕುತ್ತೇವೆ ಎನ್ನುತ್ತೀರೇನೋ. ಅದಕ್ಕೆ ತೇವ ಬೇಕು; ನೆಲ ಬಿರಿಯುವಂತೆ ಒಣಗಿದಾಗ ಅದು ಕೆಲಸ ಮಾಡದು. ಸಾರಜನಕ ಸುಲಭವಾಗಿ ಸಿಕ್ಕರೆ ಅಟ್ರಜಿನ್ ಒಡೆಯುವ ಅವಸರವೂ ಕುಗ್ಗುತ್ತದೆ. ನೀವೋ ಮೂಟೆಗಟ್ಟಲೆ ಯೂರಿಯಾ ಎರಚುತ್ತೀರಿ! ಕ್ಷಾರ ಹೆಚ್ಚಿರುವ ಎರೆಭೂಮಿಯಲ್ಲಂತೂ ಅಟ್ರಜಿನ್ ಇನ್ನೂ ಹೆಚ್ಚು ದಿನ ಉಳಿಯುತ್ತದೆ.

ಅಂತರ್ಜಲದಲ್ಲಿ ಇದನ್ನು ಲೀಟರಿಗೆ 0.1 ಮೈಕ್ರೋಗ್ರಾಮ್‌ನ ಮಿತಿಯೊಳಗೆ ಇಡುವ ಖಾತರಿಯಿಲ್ಲವೆಂದೇ ಯುರೋಪ್ ಒಕ್ಕೂಟ 2004ರಲ್ಲಿ ಅನುಮತಿ ನಿರಾಕರಿಸಿತು. ಪ್ರಯೋಗಾಲಯಗಳಿಗೆ ಅಲ್ಲೇನೂ ಕೊರತೆಯಿರಲಿಲ್ಲ. ಇಲ್ಲಿ ಸ್ಪ್ರೇಯರ್ ತೊಳೆದ ನೀರನ್ನು ಕೆರೆಯಂಚಿನಲ್ಲೇ ಚೆಲ್ಲಿ ಬರುತ್ತೀರಲ್ಲ, ಅದರ ಹಿಂದೆ ಯಾವ ಬ್ಯಾಕ್ಟೀರಿಯಾವನ್ನು ಓಡಿಸುತ್ತೀರಿ?