ಪ್ರನಾಳದಿಂದ ಕಂಪ್ಯೂಟರಿಗೆ

ಆಸ್ಪತ್ರೆಯ ಲ್ಯಾಬ್‌ನಲ್ಲಿ ವರ್ಷಗಟ್ಟಲೆ ರಕ್ತ, ಮೂತ್ರ ಪರೀಕ್ಷಿಸಿದ ಟೆಕ್ನೀಷಿಯನ್ನರಲ್ಲಿ ಕೆಲವರಿಗೆ ಕಂಪ್ಯೂಟರ್ ಕ್ಷೇತ್ರಕ್ಕೆ ಹೊರಳುವ ಆಸೆ. 'ಪ್ರೋಗ್ರಾಮಿಂಗ್ ಬಾರದವರನ್ನು ಯಾರು ಕೇಳುತ್ತಾರೆ?' ಎಂಬ ಅಳುಕೂ ಜೊತೆಗಿರುತ್ತದೆ. ಅಳುಕಬೇಕಿಲ್ಲ. ಪ್ರೋಗ್ರಾಂ ಬರೆಯುವವರಿಗೆ ಲ್ಯಾಬ್ ವರದಿಯ ಒಳಹೊರಗು ತಿಳಿದಿರುವುದಿಲ್ಲ; ಅದನ್ನು ಬಲ್ಲವರೂ ಬೇಕೇ ಬೇಕು.

ಸಕ್ಕರೆ ಪರೀಕ್ಷೆಯನ್ನೇ ನೋಡಿ. ಭಾರತದಲ್ಲಿ ಡೆಸಿಲೀಟರಿಗೆ 90 ಮಿಲಿಗ್ರಾಂ ಎಂದು ಬರೆಯುವುದನ್ನು ಬ್ರಿಟನ್ನಿನಲ್ಲಿ ಲೀಟರಿಗೆ 5 ಮಿಲಿಮೋಲ್ ಎಂದು ಬರೆಯುತ್ತಾರೆ. ಅಳತೆಯ ಮಾನ ಬಿಟ್ಟು ಬರೀ ಅಂಕಿ ಕಂಪ್ಯೂಟರಿಗೆ ಹೋದರೆ ರೋಗಿಯ ಚಿಕಿತ್ಸೆಯೇ ದಾರಿ ತಪ್ಪೀತು. ರಕ್ತದ ಸಕ್ಕರೆಯೋ ಮೂತ್ರದ್ದೋ, ಖಾಲಿ ಹೊಟ್ಟೆಯದೋ ಊಟದ ನಂತರದ್ದೋ ಎಂಬುದೂ ತಿಳಿಯಬೇಕು.

ಒಂದೇ ಪರೀಕ್ಷೆಗೆ ಊರಿಗೊಂದು ಹೆಸರಿರುವ ಗೊಂದಲ ನೀಗಲೆಂದು ಅಮೆರಿಕದ ರೀಗನ್‌ಸ್ಟ್ರೀಫ್ ಸಂಸ್ಥೆ 1994ರಲ್ಲಿ 'ಲೋಯಿಂಕ್' ಎಂಬ ಸಂಕೇತಪಟ್ಟಿಯ ಕೆಲಸ ಆರಂಭಿಸಿತು. ಭಾರತ ಸರ್ಕಾರ 2016ರಲ್ಲಿ ಪ್ರಕಟಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡದಲ್ಲೂ ಅದಕ್ಕೆ ಸ್ಥಾನವಿದೆ. ಪ್ರತಿ ಪರೀಕ್ಷೆಗೆ ಸರಿಯಾದ ಸಂಕೇತ ಹೊಂದಿಸುವ ಕೆಲಸಕ್ಕೆ ಲ್ಯಾಬ್‌ನ ಅನುಭವವೇ ಬಂಡವಾಳ.

ಹಾಗೆಂದು ರಾಜೀನಾಮೆ ಕೊಟ್ಟು ದುಬಾರಿ ಕೋರ್ಸಿಗೆ ಸೇರುವ ಅವಸರ ಬೇಡ. ಲೋಯಿಂಕ್ ಪಟ್ಟಿ ಉಚಿತವಾಗಿ ಸಿಗುತ್ತದೆ. ದತ್ತಾಂಶ ಹುಡುಕಿ ತೆಗೆಯುವ ಎಸ್‌ಕ್ಯುಎಲ್ ಭಾಷೆಯನ್ನು ಸಂಜೆ ಹೊತ್ತು ಕಲಿಯಬಹುದು. ಕೆಲಸ ಮಾಡುತ್ತಿರುವ ಲ್ಯಾಬ್‌ಗೇ ಹೊಸ ಸಾಫ್ಟ್‌ವೇರ್ ಬಂದರೆ ಅದನ್ನು ಪರೀಕ್ಷಿಸಲು, ಸಹೋದ್ಯೋಗಿಗಳಿಗೆ ಕಲಿಸಲು ತಾವಾಗಿಯೇ ಮುಂದಾಗಬೇಕು. ಸಂದರ್ಶನದಲ್ಲಿ ಸರ್ಟಿಫಿಕೇಟಿಗಿಂತ ಆ ಅನುಭವಕ್ಕೇ ತೂಕ ಹೆಚ್ಚು.